ಪಿಡಿಎಫ್‌ಗೆ ಡಿಜಿಟಲ್ ಸಹಿ ಹಾಕಿದ್ರೂ ಹಳದಿ ಪ್ರಶ್ನೆ ಚಿಹ್ನೆ, ಏನ್ ಮಾಡೋದು?

ಪೀಣ್ಯದ_ಲೆಕ್ಕ
ನಮಸ್ಕಾರ. ಸಣ್ಣ ಕಾರ್ಖಾನೆ, ಪ್ರೈವೇಟ್ ಲಿಮಿಟೆಡ್. ಡೈರೆಕ್ಟರ್ ಹೆಸರಲ್ಲಿ ಕ್ಲಾಸ್ 3 ಡಿಎಸ್‌ಸಿ (ಡಿಜಿಟಲ್ ಸಹಿ ಸರ್ಟಿಫಿಕೇಟ್) ಇರೋ ಯುಎಸ್‌ಬಿ ಟೋಕನ್ ಇದೆ. ಇಲ್ಲಿವರೆಗೆ ಜಿಎಸ್‌ಟಿ, ಎಂಸಿಎ (ಕಂಪನಿ ವ್ಯವಹಾರಗಳ ಸಚಿವಾಲಯ) ಫೈಲಿಂಗ್‌ಗೆ ಮಾತ್ರ ಬಳಕೆ. ಈಗ ಸಪ್ಲೈಯರ್ ಕರಾರು, ಕೊಟೇಶನ್, ಇನ್‌ವಾಯ್ಸ್, ಆಫರ್ ಲೆಟರ್ ಎಲ್ಲಕ್ಕೂ ಅದರಲ್ಲೇ ಸಹಿ ಹಾಕೋಣ ಅಂತ. ಆದರೆ:

ಅ) ಪಡೆದವರ ಕಂಪ್ಯೂಟರ್‌ನಲ್ಲಿ 'ಸಿಗ್ನೇಚರ್ ನಾಟ್ ವೆರಿಫೈಡ್' ಅಂತ ಹಳದಿ ಪ್ರಶ್ನೆ ಚಿಹ್ನೆ ಬರ್ತಿದೆ.
ಆ) ಸಪ್ಲೈಯರ್ ತಮ್ಮ ಸಹಿ ಸೇರಿಸಿ ವಾಪಸ್ ಕಳಿಸಿದ್ರೆ ನಮ್ಮ ಸಹಿ 'ಇನ್‌ವ್ಯಾಲಿಡ್' ಆಗ್ತಿದೆ.
ಇ) ತುಂಬಾ ಸಪ್ಲೈಯರ್‌ಗಳ ಹತ್ರ ಟೋಕನ್ನೇ ಇಲ್ಲ.

ಗೊತ್ತಿರೋರು ಹೇಳಿ.

ಜಯನಗರ4ನೇಬ್ಲಾಕ್
(ಅ) ಸುಲಭ. ಅಡೋಬಿ ರೀಡರ್‌ನಲ್ಲಿ ತೆರೆದು ಸಹಿ ಮೇಲೆ ರೈಟ್ ಕ್ಲಿಕ್, ಸಿಗ್ನೇಚರ್ ಪ್ರಾಪರ್ಟೀಸ್, ಶೋ ಸೈನರ್ಸ್ ಸರ್ಟಿಫಿಕೇಟ್, ಟ್ರಸ್ಟ್ ಟ್ಯಾಬ್, 'ಆಡ್ ಟು ಟ್ರಸ್ಟೆಡ್ ಸರ್ಟಿಫಿಕೇಟ್ಸ್', ಓಕೆ, ಆಮೇಲೆ ವ್ಯಾಲಿಡೇಟ್. ಹಸಿರು ಟಿಕ್ ಬರುತ್ತೆ. ಇ-ಆಧಾರ್, ಫಾರ್ಮ್ 16 ಎಲ್ಲಕ್ಕೂ ಇದೇ ದಾರಿ.

ಬೈಟ್‌ಬಸವ
@ಜಯನಗರ4ನೇಬ್ಲಾಕ್ ದಯವಿಟ್ಟು ಈ ಸಲಹೆ ಕೊಡಬೇಡಿ. ಊರೆಲ್ಲ ಹರಡಿರೋದು ಇದೇ, ತಪ್ಪಿರೋದೂ ಇಲ್ಲೇ.

ರೀಡರ್‌ನಲ್ಲೇ ಯಾರು ಬೇಕಾದ್ರೂ ಎರಡು ನಿಮಿಷದಲ್ಲಿ, ಯಾವ ಹೆಸರು ಬೇಕೋ ಆ ಹೆಸರಿಗೆ ಸ್ವಂತ ಸರ್ಟಿಫಿಕೇಟ್ ಸೃಷ್ಟಿಸಬಹುದು. ನಿಮ್ಮ ಡೈರೆಕ್ಟರ್ ಹೆಸರಿಗೂ ಆಗುತ್ತೆ, ತಹಶೀಲ್ದಾರ್ ಹೆಸರಿಗೂ ಆಗುತ್ತೆ. ಅದರಿಂದ ಸಹಿ ಹಾಕಿ ಕಳಿಸಿದ್ರೂ ಮೊದಲು ಬರೋದು ಇದೇ ಹಳದಿ ಚಿಹ್ನೆ. ನೀವು ಹೇಳಿದ ಹಾಗೆ ಸೈನರ್ ಸರ್ಟಿಫಿಕೇಟನ್ನೇ ನಂಬಿದ್ರೆ ಆ ನಕಲಿಗೂ ಹಸಿರು ಟಿಕ್ ಬೀಳುತ್ತೆ. ಅಂದ್ರೆ ಟಿಕ್ ಕೊಟ್ಟಿದ್ದು ಸಾಫ್ಟ್‌ವೇರ್ ಅಲ್ಲ, ನೀವೇ.

ನಂಬಬೇಕಾದ್ದು ಮೂಲವನ್ನ. ಸರ್ಟಿಫಿಕೇಟ್ ಕಿಟಕಿಯ ಎಡಗಡೆ ಒಂದು ಸರಪಳಿ ಕಾಣುತ್ತೆ: ತುತ್ತತುದಿಯಲ್ಲಿ 'ಸಿಸಿಎ ಇಂಡಿಯಾ 2022' (ಹಳೇದಾದ್ರೆ 2014), ಕೆಳಗೆ ಸಿಎ (ಸರ್ಟಿಫಿಕೇಟ್ ಕೊಡೋ ಸಂಸ್ಥೆ, ಚಾರ್ಟರ್ಡ್ ಅಕೌಂಟೆಂಟ್ ಅಲ್ಲ), ಅದರ ಕೆಳಗೆ ಸಬ್ ಸಿಎ, ಕೊನೆಯಲ್ಲಿ ಸಹಿ ಹಾಕಿದವರ ಹೆಸರು. ಸಿಸಿಎ ಅಂದ್ರೆ ಕಂಟ್ರೋಲರ್ ಆಫ್ ಸರ್ಟಿಫೈಯಿಂಗ್ ಅಥಾರಿಟೀಸ್, ಕೇಂದ್ರ ಸರ್ಕಾರದ್ದು. ಇಮುದ್ರ, ಕ್ಯಾಪ್ರಿಕಾರ್ನ್, ಸಿ-ಡ್ಯಾಕ್ ಇವೆಲ್ಲಕ್ಕೂ ಲೈಸೆನ್ಸ್ ಕೊಡೋದು ಅವರೇ.

ಪಡೆದವರ ಕಂಪ್ಯೂಟರ್‌ನಲ್ಲಿ ಒಂದೇ ಸಲ ಮಾಡಬೇಕಾದ್ದು: ಸಿಸಿಎ ಜಾಲತಾಣದಿಂದ ಮೂಲ ಸರ್ಟಿಫಿಕೇಟ್ ಇಳಿಸಿಕೊಳ್ಳಿ. ರೀಡರ್‌ನಲ್ಲಿ ಪ್ರಿಫರೆನ್ಸಸ್, ಸಿಗ್ನೇಚರ್ಸ್, 'ಐಡೆಂಟಿಟೀಸ್ ಅಂಡ್ ಟ್ರಸ್ಟೆಡ್ ಸರ್ಟಿಫಿಕೇಟ್ಸ್' ಎದುರಿನ ಮೋರ್, ಟ್ರಸ್ಟೆಡ್ ಸರ್ಟಿಫಿಕೇಟ್ಸ್, ಇಂಪೋರ್ಟ್. ಇಂಪೋರ್ಟ್ ಆದಮೇಲೆ 'ಎಡಿಟ್ ಟ್ರಸ್ಟ್' ಒತ್ತಿ 'ಯೂಸ್ ದಿಸ್ ಸರ್ಟಿಫಿಕೇಟ್ ಆ್ಯಸ್ ಎ ಟ್ರಸ್ಟೆಡ್ ರೂಟ್' ಟಿಕ್ ಮಾಡಿ. ಟಿಕ್ ಹಾಕೋ ಮುಂಚೆ ಥಂಬ್‌ಪ್ರಿಂಟ್ (ಸರ್ಟಿಫಿಕೇಟಿನ ಗುರುತಾಗಿರೋ ಅಂಕಿ-ಅಕ್ಷರ) ಸಾಲನ್ನ ಸಿಸಿಎ ಪುಟದಲ್ಲಿರೋದರ ಜೊತೆ ಅಕ್ಷರ ಅಕ್ಷರ ಹೋಲಿಸಿ. ಆಮೇಲೆ ಆ ಮೂಲದ ಕೆಳಗಿನ ಎಲ್ಲ ಸಹಿಗಳೂ ತಾವಾಗಿ ಪರಿಶೀಲನೆ ಆಗ್ತವೆ, ಸ್ವಂತ ಸೃಷ್ಟಿ ಸರ್ಟಿಫಿಕೇಟ್ ಮಾತ್ರ ಹಳದಿಯಲ್ಲೇ ಉಳಿಯುತ್ತೆ.

ಜಯನಗರ4ನೇಬ್ಲಾಕ್
ಸರಿ ಸರ್, ಒಪ್ಪಿದೆ. ಆದ್ರೆ ಪಡೆಯೋ ಪ್ರತಿಯೊಬ್ಬರಿಗೂ ಇಷ್ಟೆಲ್ಲ ಮಾಡಿ ಅನ್ನೋಕೆ ಆಗಲ್ಲ ಅಲ್ವಾ?

ಬೈಟ್‌ಬಸವ
ಆಗಲ್ಲ, ನಿಜ. ಅರ್ಧ ಪುಟದ ಸೂಚನೆ ಸಿದ್ಧ ಮಾಡಿ ಮೊದಲ ಮೇಲ್ ಜೊತೆ ಕಳಿಸಿ, ಅಷ್ಟು ಸಾಕು. 'ಟ್ರಸ್ಟ್ ಒತ್ತಿ' ಅಂತ ಮಾತ್ರ ಬರೀಬೇಡಿ. ನಮ್ಮ ನಾಡಕಚೇರಿ ಪ್ರಮಾಣಪತ್ರ, ಪಹಣಿ ಎಲ್ಲದರಲ್ಲೂ ಡಿಜಿಟಲ್ ಸಹಿ ಇರೋ ಈ ಕಾಲದಲ್ಲಿ ಆ ಅಭ್ಯಾಸ ಅಪಾಯ.

ಹುಬ್ಬಳ್ಳಿ_ಕಡತ
ಹಳದಿ ಚಿಹ್ನಿ ಅಂದ್ರ ಸಹಿ ಸುಳ್ಳು ಅಂತ ಅಲ್ರಿ, ಇದನ್ನ ಮೊದಲ ತಿಳಕೋರಿ. 'ಯಾರು ಅಂತ ನನಗ ಗೊತ್ತಿಲ್ಲ' ಅಂತ ಅಷ್ಟ. ಕೆಂಪು ಅಡ್ಡಗೆರಿ ಬಂತಂದ್ರ ಮಾತ್ರ ಫೈಲ್ ಬದಲಾಗೈತಿ ಇಲ್ಲಾ ಸರ್ಟಿಫಿಕೇಟ್ ರದ್ದಾಗೈತಿ. ಎರಡೂ ಬ್ಯಾರೆ ಬ್ಯಾರೆ. ಇನ್ನೊಂದು, ಕ್ರೋಮ್‌ನ್ಯಾಗ, ಫೋನ್‌ನ್ಯಾಗ ತೆಗದು 'ಸಹಿ ಕಾಣ್ತೈತಿ, ಸರಿ ಐತಿ' ಅನಬ್ಯಾಡ್ರಿ. ಅಲ್ಲಿ ಕಾಣೋದು ಬರೀ ಚಿತ್ರ.

ತುಂಗಾತೀರ
(ಆ) ಬಗ್ಗೆ ಹೇಳ್ತೀನಿ. ಸಪ್ಲೈಯರ್ ಯಾವುದರಲ್ಲಿ ಸಹಿ ಹಾಕ್ತಿದ್ದಾರೆ ಕೇಳಿ. ಆನ್‌ಲೈನ್ 'ಪಿಡಿಎಫ್ ಎಡಿಟ್' ತಾಣಗಳಲ್ಲಿ ಸಹಿ ಚಿತ್ರ ಅಂಟಿಸಿ ಕಳಿಸ್ತಿರಬೇಕು. ಅಂಥವು ಫೈಲನ್ನ ಪೂರ್ತಿ ಹೊಸದಾಗಿ ಬರೆದು ಸೇವ್ ಮಾಡ್ತವೆ. ಒಂದು ಬೈಟ್ ಆಚೀಚೆ ಆದ್ರೂ ನಿಮ್ಮ ಸಹಿ ಹೋಯ್ತು. ಕಂಪ್ರೆಸ್ ಮಾಡೋದು, ಎರಡು ಪಿಡಿಎಫ್ ಸೇರಿಸೋದು, ಪುಟ ತಿರುಗಿಸಿ ಸೇವ್ ಮಾಡೋದು, 'ಪ್ರಿಂಟ್ ಟು ಪಿಡಿಎಫ್' ಎಲ್ಲದಕ್ಕೂ ಇದೇ ಗತಿ. ಕೊನೆಯದಂತೂ ಸಹಿಯನ್ನ ತೆಗೆದೇ ಹಾಕಿ ಬರೀ ಚಿತ್ರ ಉಳಿಸುತ್ತೆ.

ಸರಿಯಾದ ಸಾಫ್ಟ್‌ವೇರ್ ಎರಡನೇ ಸಹಿಯನ್ನ ಫೈಲಿನ ಬಾಲಕ್ಕೆ ಸೇರಿಸುತ್ತೆ, ಮೊದಲಿನದನ್ನ ಮುಟ್ಟಲ್ಲ. ಉಚಿತ ಅಡೋಬಿ ರೀಡರ್ ಸಾಕು. ಟೂಲ್ಸ್‌ನಲ್ಲಿ ಸರ್ಟಿಫಿಕೇಟ್ಸ್ (ಹೊಸ ಆವೃತ್ತಿಯಲ್ಲಿ 'ಯೂಸ್ ಎ ಸರ್ಟಿಫಿಕೇಟ್'), ಡಿಜಿಟಲಿ ಸೈನ್, ಮೌಸ್‌ನಿಂದ ಚೌಕ ಎಳೆಯಿರಿ, ಟೋಕನ್‌ನಲ್ಲಿರೋ ಹೆಸರು ಆರಿಸಿ, ಪಿನ್ ಹಾಕಿ, ಬೇರೆ ಹೆಸರಲ್ಲಿ ಸೇವ್. ಪಕ್ಕದಲ್ಲೇ 'ಫಿಲ್ ಅಂಡ್ ಸೈನ್' ಅಂತ ಇನ್ನೊಂದಿದೆ, ಅದು ಡಿಜಿಟಲ್ ಸಹಿ ಅಲ್ಲ, ಸಹಿಯ ಚಿತ್ರ. ಜನ ಎಡವೋದು ಅಲ್ಲೇ.

ಮೊದಲು ಸಹಿ ಹಾಕೋರು 'ಲಾಕ್ ಡಾಕ್ಯುಮೆಂಟ್ ಆಫ್ಟರ್ ಸೈನಿಂಗ್' ಟಿಕ್ ಮಾಡಬಾರದು. ಮಾಡಿದ್ರೆ ಎರಡನೆಯವರಿಗೆ ಸಹಿ ಹಾಕೋಕೇ ಬಿಡಲ್ಲ. ಆ ಟಿಕ್ ಕೊನೆಯವರ ಪಾಲು.

ಪೀಣ್ಯದ_ಲೆಕ್ಕ
ನಿಜ ಸರ್, ಆನ್‌ಲೈನ್ ತಾಣದಲ್ಲೇ ಚಿತ್ರ ಅಂಟಿಸಿದ್ದು. ಇವತ್ತು ಕೇಳಿದಾಗ ಗೊತ್ತಾಯ್ತು.

ಬೈಟ್‌ಬಸವ
'ಒಂದು ಬೈಟ್' ಅಂದಿದ್ದನ್ನ ಕಣ್ಣಾರೆ ನೋಡಬೇಕಾ? ಸಹಿಯಾದ ಪಿಡಿಎಫ್ ಅನ್ನ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ತೆರೆದು 'ಬೈಟ್‌ರೇಂಜ್' ಅಂತ ಹುಡುಕಿ. ನಾಲ್ಕು ಅಂಕಿ ಸಿಗ್ತವೆ. ಉದಾಹರಣೆಗೆ 0, 48210, 64596, 9120 ಅಂತ ಇದೆ ಅನ್ನಿ. ಶುರುವಿನಿಂದ 48210 ಬೈಟ್, ಆಮೇಲೆ 64596ನೇ ಜಾಗದಿಂದ ಮತ್ತೆ 9120 ಬೈಟ್, ಇಷ್ಟಕ್ಕೆ ಸಹಿ ಬಿದ್ದಿದೆ. ನಡುವೆ ಬಿಟ್ಟಿರೋ 16386 ಬೈಟ್ ಸಹಿ ಕೂರೋ ಗೂಡು: ಎರಡು ಕೋನಾವರಣ, ಒಳಗೆ 16384 ಹೆಕ್ಸ್ ಅಕ್ಷರ (0ರಿಂದ 9, ಎಯಿಂದ ಎಫ್). ಸಹಿ ಅಷ್ಟು ದೊಡ್ಡದಿರಲ್ಲ, ಹಾಗಾಗಿ ಗೂಡಿನ ಕೊನೆಯಲ್ಲಿ ಸಾಲು ಸಾಲು ಸೊನ್ನೆ.

ಈಗ 64596ಕ್ಕೆ 9120 ಕೂಡಿಸಿ, 73716. ಫೈಲಿನ ಅಳತೆ ಸರಿಯಾಗಿ 73716 ಬೈಟ್ ಇದ್ರೆ ಸಹಿ ಆದಮೇಲೆ ಏನೂ ಸೇರಿಲ್ಲ. ಜಾಸ್ತಿ ಇದ್ರೆ ಏನೋ ಸೇರಿದೆ, ಅದು ಎರಡನೇ ಸಹಿಯೋ ಬೇರೆ ಏನೋ ನೋಡಬೇಕು. ರೀಡರ್‌ನ ಸಿಗ್ನೇಚರ್ ಪ್ಯಾನೆಲ್‌ನಲ್ಲಿ 'ವ್ಯೂ ಸೈನ್ಡ್ ವರ್ಶನ್' ಒತ್ತಿದ್ರೆ ಮೊದಲ ಸಹಿ ಬಿದ್ದ ಗಳಿಗೆಯಲ್ಲಿ ಕಾಗದ ಹೇಗಿತ್ತೋ ಹಾಗೇ ತೆರೆಯುತ್ತೆ. ಒಂದು ಎಚ್ಚರ: ನೋಟ್‌ಪ್ಯಾಡ್‌ನಲ್ಲಿ ನೋಡಿ ಮುಚ್ಚಿ, ಸೇವ್ ಒತ್ತಬೇಡಿ.

ಮೈಸೂರು_ಮಲ್ಲಿಗೆ22
ಇದು ಗೊತ್ತೇ ಇರ್ಲಿಲ್ಲ! ಥ್ಯಾಂಕ್ಸ್ ಸರ್.

ಛಾಪಾಕಾಗದ
(ಇ)ಗೆ ಉತ್ತರ ಆಧಾರ್ ಇ-ಸೈನ್. 2015ರಿಂದ ಕಾನೂನಿನಲ್ಲಿದೆ. ಡಿಜಿಯೋ, ಲೀಗಲಿಟಿ, ಸೈನ್‌ಡೆಸ್ಕ್, ಜೋಹೋ ಸೈನ್ ಇಂಥ ಆನ್‌ಲೈನ್ ಸಹಿ ಸೇವೆಗಳ ಮೂಲಕ ಮಾಡಬಹುದು. ಸಪ್ಲೈಯರ್‌ಗೆ ಲಿಂಕ್ ಹೋಗುತ್ತೆ, ಕರಾರು ಓದಿ, ಆಧಾರ್ ಸಂಖ್ಯೆ ಹಾಕಿ, ಒಟಿಪಿ ಕೊಟ್ರೆ ಸಹಿ. ಹಿಂದೆ ನಡೆಯೋದು ಹೀಗೆ: ಕಾಗದದ ಹ್ಯಾಶ್ ಮಾತ್ರ, ಅಂದ್ರೆ 64 ಹೆಕ್ಸ್ ಅಕ್ಷರದ ಗುರುತು, ಸಹಿ ಸೇವೆ ಕೊಡೋ ಸಿಎಗೆ ಹೋಗುತ್ತೆ, ಕಾಗದ ಹೋಗಲ್ಲ. ಅವರು ಆ ಒಂದು ಸಹಿಗೇ ಅಂತ ಕೀ (ಸಹಿ ಹಾಕೋ ಗುಟ್ಟಿನ ಸಂಖ್ಯೆ) ಸೃಷ್ಟಿಸಿ, ಸಹಿ ಹಾಕಿ, ಕೀ ನಾಶ ಮಾಡ್ತಾರೆ. ಸರ್ಟಿಫಿಕೇಟಿನ ಆಯಸ್ಸು 30 ನಿಮಿಷ. ಅದಕ್ಕೇ ಇ-ಸೈನ್ ಆದ ಕಾಗದ ತೆರೆದಾಗ 'ಸರ್ಟಿಫಿಕೇಟ್ ಅವಧಿ ಮುಗಿದಿದೆ' ಅಂತ ಕಂಡ್ರೆ ಗಾಬರಿ ಬೇಡ, ಸಹಿ ಬಿದ್ದ ಹೊತ್ತಿಗೆ ಜೀವಂತ ಇತ್ತಾ ಅನ್ನೋದೇ ಮುಖ್ಯ.

ಆಧಾರ್‌ಗೆ ಮೊಬೈಲ್ ಜೋಡಣೆ ಆಗಿರಲೇಬೇಕು. ಹೆಸರಿನ ತಕರಾರು ಇದರಲ್ಲಿ ಜಾಸ್ತಿ. ಸಹಿಯಲ್ಲಿ ಬೀಳೋದು ಆಧಾರ್‌ನಲ್ಲಿರೋ ಹೆಸರು. ನಮ್ಮ ಕಡೆ ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಬಿಡಿಸಿ ಊರ ಹೆಸರು ಅಪ್ಪನ ಹೆಸರು ಪೂರ್ತಿ. ಪ್ಯಾನ್‌ನಲ್ಲಿ ಒಂದು, ಆಧಾರ್‌ನಲ್ಲಿ ಒಂದು. ಕರಾರಿನಲ್ಲಿ ಆಧಾರ್‌ನಲ್ಲಿರೋ ಹಾಗೇ ಬರೆದು, 'ಅಲಿಯಾಸ್' ಅಂತ ಇನ್ನೊಂದನ್ನೂ ಸೇರಿಸಿಬಿಡಿ.

ಕೊಡಗಿನ_ಮಳೆ
ಒಟಿಪಿ ಫೋನ್‌ನಲ್ಲಿ ಕೇಳಿ ನಾವೇ ಹಾಕಿದ್ರೆ? ವಯಸ್ಸಾದ ಸಪ್ಲೈಯರ್‌ಗಳಿಗೆ ಲಿಂಕ್ ತೆರೆಯೋದೇ ಕಷ್ಟ.

ಛಾಪಾಕಾಗದ
ಬೇಡವೇ ಬೇಡ ಮೇಡಂ. ಆ ಒಟಿಪಿಯೇ ಅವರ ಸಹಿ. ಅವರು ಕಾಗದ ನೋಡದೇ ಸಹಿ ಬಿದ್ದ ಹಾಗೆ, ಹಾಕಿದ್ದು ನೀವು ಅಂತ ಆಗುತ್ತೆ. ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆ 66ಸಿ ಪ್ರಕಾರ ಇನ್ನೊಬ್ಬರ ಎಲೆಕ್ಟ್ರಾನಿಕ್ ಸಹಿ, ಪಾಸ್‌ವರ್ಡ್ ಮೋಸದಿಂದ ಬಳಸಿದ್ರೆ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ನಿಮ್ಮ ಉದ್ದೇಶ ಒಳ್ಳೇದೇ ಇರಬಹುದು, ನಾಳೆ ವ್ಯಾಜ್ಯ ಬಂದಾಗ ಅದನ್ನ ತೋರಿಸೋದು ಹೇಗೆ? ಅವರ ಮನೆಯಲ್ಲೇ ಯಾರಾದ್ರೂ ಪಕ್ಕ ಕೂತು ಓದಿ ಹೇಳಿ, ಒಟಿಪಿ ಅವರೇ ಹಾಕಲಿ. ಬೆರಳಚ್ಚಿನಿಂದಲೂ ಇ-ಸೈನ್ ಆಗುತ್ತೆ, ಆ ಸಾಧನ ಇರೋ ಕಡೆ.

ಆಡಿಟರ್_ಪಕ್ಕದಮನೆ
ಇಷ್ಟೆಲ್ಲ ಯಾಕೆ? ಟೋಕನ್, ಪಿನ್ ಎರಡೂ ಆಡಿಟರ್ ಹತ್ರ ಕೊಟ್ಟಿರಿ, ಬೇಕಾದಾಗ ಹಾಕಿಕೊಡ್ತಾರೆ. ಎಲ್ಲರೂ ಮಾಡೋದು ಅದೇ.

ತುಂಗಾತೀರ
ಎಲ್ಲರೂ ಮಾಡ್ತಾರೆ ಅಂತ ಸರಿ ಆಗಲ್ಲ ಗುರು. ಖಾಲಿ ಚೆಕ್ ಪುಸ್ತಕಕ್ಕೆ ಸಹಿ ಹಾಕಿ ಇನ್ನೊಬ್ಬರ ಡ್ರಾಯರ್‌ನಲ್ಲಿ ಇಟ್ಟ ಹಾಗೆ. ಐಟಿ ಕಾಯ್ದೆ 42ನೇ ಸೆಕ್ಷನ್ ನೋಡು: ಕೀ ತನ್ನ ಹತೋಟಿಯಲ್ಲೇ ಇಟ್ಟುಕೊಳ್ಳೋ ಜವಾಬ್ದಾರಿ ಸರ್ಟಿಫಿಕೇಟ್ ಪಡೆದವರದ್ದು. ಕೈತಪ್ಪಿದ್ರೆ ತಡಮಾಡದೆ ಸಿಎಗೆ ತಿಳಿಸಬೇಕು, ತಿಳಿಸೋವರೆಗಿನ ಹೊಣೆಯೂ ಅವರದ್ದೇ. ಡೈರೆಕ್ಟರ್ ಹೆಸರಲ್ಲಿ ಏನು ಫೈಲ್ ಆದ್ರೂ 'ನಾನಲ್ಲ' ಅನ್ನೋ ಬಾಗಿಲು ಮುಚ್ಚಿಕೊಂಡ ಹಾಗೆ.

ಆಡಿಟರ್_ಪಕ್ಕದಮನೆ
ಡೈರೆಕ್ಟರ್ ಊರಲ್ಲಿ ಇರಲ್ಲ. 20ನೇ ತಾರೀಕು ಜಿಎಸ್‌ಟಿ 3ಬಿ (ತಿಂಗಳ ರಿಟರ್ನ್) ಕಟ್ಟಬೇಕು. ಬೇರೆ ದಾರಿ ಹೇಳಿ ನೋಡೋಣ.

ತುಂಗಾತೀರ
ಇದೆ. ಅಕೌಂಟ್ಸ್ ನೋಡೋ ಜವಾಬ್ದಾರಿಯುತ ವ್ಯಕ್ತಿಯನ್ನ ಬೋರ್ಡ್ ರೆಸಲ್ಯೂಶನ್ ಮಾಡಿ ಅಧಿಕೃತ ಸಹಿದಾರರನ್ನಾಗಿ ಮಾಡಿ. ಅವರ ಹೆಸರಲ್ಲೇ ಬೇರೆ ಡಿಎಸ್‌ಸಿ ತಗೊಳ್ಳಿ, ಇಂಡಿವಿಜುಯಲ್ ಅಲ್ಲ, ಆರ್ಗನೈಸೇಶನ್ ಮಾದರಿ. ಅದರಲ್ಲಿ ಕಂಪನಿ ಹೆಸರೂ ಬರುತ್ತೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಅವರನ್ನ ಆಥರೈಸ್ಡ್ ಸಿಗ್ನೇಟರಿ ಅಂತ ಸೇರಿಸಿ. ಯಾರು ಹಾಕಿದ್ರು ಅನ್ನೋದು ಸ್ಪಷ್ಟ ಇರುತ್ತೆ, ಡೈರೆಕ್ಟರ್ ಟೋಕನ್ ಅವರ ಜೇಬಲ್ಲೇ ಇರುತ್ತೆ. ಕರಾರುಗಳಿಗೂ ಇಂತಿಷ್ಟು ಮೊತ್ತದವರೆಗೆ ಇವರು ಸಹಿ ಹಾಕಬಹುದು ಅಂತ ಅದೇ ರೆಸಲ್ಯೂಶನ್‌ನಲ್ಲಿ ಬರೆಸಬಹುದು.

ಹುಬ್ಬಳ್ಳಿ_ಕಡತ
ಪಿನ್ ಮಾತು ಬಂತಲ್ಲ, ಹೇಳ್ತೀನಿ. ಇ-ಪಾಸ್ 2003, ಪ್ರಾಕ್ಸ್‌ಕೀ ಅನ್ನೋ ಎರಡೂ ಟೋಕನ್‌ಗೆ ಬರೋವಾಗ ಪಿನ್ 12345678 ಇರ್ತೈತಿ. ಎಷ್ಟೋ ಮಂದಿ ಅದನ್ನ ಬದಲಾಯಿಸೋದ ಇಲ್ಲ. ಮೊದಲ ದಿನಾನ ಬದಲಾಯಿಸ್ರಿ. ತಪ್ಪು ಪಿನ್ ಹೊಡಕೋತ ಹೋದ್ರ ಟೋಕನ್ ಲಾಕ್ ಆಗ್ತೈತಿ. ಆವಾಗ ಅಂಗಡಿಯಾಂವ 'ಇನಿಷಿಯಲೈಸ್ ಮಾಡ್ರಿ' ಅಂತಾನ, ಮಾಡಿದ್ರ ಒಳಗಿನ ಸರ್ಟಿಫಿಕೇಟ್, ಕೀ ಎರಡೂ ಅಳಿಸಿ ಹೋಗ್ತಾವು. ಕೀಯ ನಕಲು ಎಲ್ಲೂ ಇರೂದಿಲ್ಲ, ಹೊರಗ ತೆಗಿಯಾಕ ಬರಬಾರದು ಅಂತನ ಟೋಕನ್ ಮಾಡಿದ್ದು. ಮತ್ತ ರೊಕ್ಕ ಕೊಟ್ಟು, ವಿಡಿಯೋ ವೆರಿಫಿಕೇಶನ್ ಮಾಡಿ ಹೊಸಾದು ತಗೋಬೇಕು.

ಮೈಸೂರು_ಮಲ್ಲಿಗೆ22
ಸ್ವಲ್ಪ ಬೇರೆ ವಿಷಯ. ಜಿಎಸ್‌ಟಿಯಲ್ಲಿ 'ಫೇಲ್ಡ್ ಟು ಎಸ್ಟಾಬ್ಲಿಶ್ ಕನೆಕ್ಷನ್, ಎಮ್‌ಸೈನರ್ ರೀಸ್ಟಾರ್ಟ್ ಮಾಡಿ' ಅಂತ ಬರ್ತಾನೇ ಇದೆ. ಟೋಕನ್ ಸರಿ ಇದೆ.

ಬೈಟ್‌ಬಸವ
ಪೋರ್ಟಲ್‌ಗೂ ಟೋಕನ್‌ಗೂ ಸಂಪರ್ಕ ಕೊಡೋ ಎಮ್‌ಸೈನರ್ ಸಾಫ್ಟ್‌ವೇರನ್ನ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಆಮೇಲೆ ಬ್ರೌಸರ್‌ನಲ್ಲಿ 127.0.0.1 ವಿಳಾಸಕ್ಕೆ 1585 ಪೋರ್ಟ್ ಹಾಕಿ, ಮುಂದೆ ಎಚ್‌ಟಿಟಿಪಿಎಸ್ ಇರಲಿ, ಒಮ್ಮೆ ತೆರೆಯಿರಿ. ಎಚ್ಚರಿಕೆ ಪುಟ ಬರುತ್ತೆ, ಅಡ್ವಾನ್ಸ್ಡ್ ಒತ್ತಿ ಮುಂದುವರಿಯಿರಿ. ನಿಮ್ಮದೇ ಕಂಪ್ಯೂಟರ್‌ನ ವಿಳಾಸ ಅದು, ಹಾಗಾಗಿ ಸರಿ. ಬೇರೆ ಯಾವ ತಾಣಕ್ಕೂ ಆ ಎಚ್ಚರಿಕೆ ದಾಟಬೇಡಿ. ಅದಾದ್ಮೇಲೂ ಆಗದಿದ್ರೆ ಆ್ಯಂಟಿವೈರಸ್ ಆ ಪೋರ್ಟ್ ತಡೀತಿದೆಯಾ ನೋಡಿ.

ಪೀಣ್ಯದ_ಲೆಕ್ಕ
ಇನ್‌ವಾಯ್ಸ್ ದಿನಕ್ಕೆ ನಲವತ್ತು ಇರ್ತವೆ. ಒಂದೊಂದಕ್ಕೂ ಪಿನ್ ಹಾಕೋದಾ?

ಛಾಪಾಕಾಗದ
ಇನ್‌ವಾಯ್ಸ್‌ಗೆ ಬೇಕೇ ಇಲ್ಲ. ಸಿಜಿಎಸ್‌ಟಿ ನಿಯಮ 46ಕ್ಕೆ 2018ರ ಡಿಸೆಂಬರ್‌ನಲ್ಲಿ ತಿದ್ದುಪಡಿ ಬಂತು. ಐಟಿ ಕಾಯ್ದೆಗೆ ಅನುಸಾರವಾಗಿ ಎಲೆಕ್ಟ್ರಾನಿಕ್ ಆಗಿ ಕೊಡೋ ಇನ್‌ವಾಯ್ಸ್‌ಗೆ ಸಹಿ ಕಡ್ಡಾಯ ಅಲ್ಲ. ಗಿರಾಕಿ ಕೇಳಿದ್ರೆ ಮಾತ್ರ ಹಾಕಿ, ಒಂದೇ ಪಿನ್‌ಗೆ ಹತ್ತಾರು ಫೈಲ್ ಸಹಿ ಹಾಕೋ ಸಾಫ್ಟ್‌ವೇರ್ ಸಿಗುತ್ತೆ.

ಹಾಗೇ ಇ-ಸಹಿ ನಡೆಯದ ಕಡೆಯೂ ಗೊತ್ತಿರಲಿ. ಐಟಿ ಕಾಯ್ದೆಯ ಮೊದಲ ಷೆಡ್ಯೂಲ್‌ನಲ್ಲಿವೆ: ಉಯಿಲು, ಟ್ರಸ್ಟ್ ಪತ್ರ ಕಾಗದದ ಮೇಲೇ ಆಗಬೇಕು. ಪವರ್ ಆಫ್ ಅಟಾರ್ನಿ, ಪ್ರಾಮಿಸರಿ ನೋಟ್ ಕೂಡ ಹಾಗೇ, ಆದ್ರೆ ಆರ್‌ಬಿಐ ಥರದ ನಿಯಂತ್ರಕರ ಕೆಳಗಿರೋ ಸಂಸ್ಥೆಗಳ ಪರವಾಗಿ ಮಾಡಿಕೊಡೋದಕ್ಕೆ 2022ರಲ್ಲಿ ಸಡಿಲಿಕೆ ಬಂದಿದೆ. ಸಪ್ಲೈ ಕರಾರಿಗೆ ತೊಂದರೆ ಇಲ್ಲ. ಛಾಪಾ ಶುಲ್ಕ ಮಾತ್ರ ಇ-ಸಹಿಯಿಂದ ಮಾಫಿ ಆಗಲ್ಲ. ಇ-ಸ್ಟಾಂಪ್ ತೆಗೆದು ಅದನ್ನ ಮೊದಲ ಪುಟವಾಗಿ ಸೇರಿಸಿ, ಆಮೇಲೆ ಸಹಿ. ಸಹಿ ಆದಮೇಲೆ ಸ್ಟಾಂಪ್ ಪುಟ ಸೇರಿಸಿದ್ರೆ ತುಂಗಾತೀರ ಹೇಳಿದ ಗತಿಯೇ.

ನುಡಿಗೆಳೆಯ
ಕನ್ನಡದಲ್ಲಿ ಕರಾರು ಬರೆಯೋರಿಗೆ ಒಂದು ಮಾತು. ನುಡಿ ಸಾಫ್ಟ್‌ವೇರ್‌ನ ಹಳೇ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟ್‌ನಲ್ಲಿ ಟೈಪ್ ಮಾಡಿ, ಫಾಂಟ್ ಒಳಸೇರಿಸದೆ ಪಿಡಿಎಫ್ ಮಾಡಿ ಸಹಿ ಹಾಕಿದ್ರೆ, ಎದುರಿನವರ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತೆ. ಸಹಿ ಹಸಿರು, ಓದೋಕೆ ಏನೂ ಇಲ್ಲ! ಸಹಿ ಆದಮೇಲೆ ಸರಿಪಡಿಸೋಕೂ ಆಗಲ್ಲ. ಯೂನಿಕೋಡ್‌ನಲ್ಲೇ ಬರೆಯಿರಿ, ವರ್ಡ್‌ನಿಂದ ಪಿಡಿಎಫ್ ಮಾಡೋವಾಗ ಆಪ್ಶನ್ಸ್‌ನಲ್ಲಿ ಪಿಡಿಎಫ್/ಎ ಟಿಕ್ ಮಾಡಿ, ಫಾಂಟ್ ಒಳಗೇ ಕೂರುತ್ತೆ. ಆಮೇಲೆ ಡಾಕ್ಯುಮೆಂಟ್ ಪ್ರಾಪರ್ಟೀಸ್‌ನ ಫಾಂಟ್ಸ್ ಟ್ಯಾಬ್‌ನಲ್ಲಿ ಪ್ರತಿ ಹೆಸರಿನ ಮುಂದೆ 'ಎಂಬೆಡೆಡ್' ಇದೆಯಾ ನೋಡಿ, ಆಮೇಲಷ್ಟೇ ಟೋಕನ್ ಚುಚ್ಚಿ.

ಕೊಡಗಿನ_ಮಳೆ
ಸಹಿ ಹಾಕಿದ್ರೆ ಬೇರೆಯವರು ಓದದ ಹಾಗೆ ಆಗುತ್ತೆ ಅಂದುಕೊಂಡಿದ್ದೆ. ಆಗಲ್ವಾ?

ಬೈಟ್‌ಬಸವ
ಆಗಲ್ಲ. ಸಹಿ ಹೇಳೋದು ಯಾರು ಹಾಕಿದ್ರು, ಆಮೇಲೆ ಬದಲಾಗಿದೆಯಾ ಅನ್ನೋದನ್ನ ಅಷ್ಟೇ. ಗುಟ್ಟು ಬೇಕಾದ್ರೆ ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡಬೇಕು. ಮೊದಲು ಪಾಸ್‌ವರ್ಡ್, ಆಮೇಲೆ ಸಹಿ. ಉಲ್ಟಾ ಮಾಡಿದ್ರೆ ಎನ್‌ಕ್ರಿಪ್ಶನ್ ಇಡೀ ಫೈಲ್ ಬದಲಾಯಿಸಿ ಸಹಿ ಕೆಡಿಸುತ್ತೆ. ಪಾಸ್‌ವರ್ಡನ್ನ ಅದೇ ಮೇಲ್‌ನಲ್ಲಿ ಕಳಿಸಬೇಡಿ.

ಅಮೆರಿಕದಿಂದ_ಶಿರಸಿಗ
ಇಲ್ಲಿಂದ ಡಾಕ್ಯುಸೈನ್ ಅನ್ನೋ ಆನ್‌ಲೈನ್ ಸಹಿ ಸೇವೆಯಲ್ಲಿ ಸಹಿ ಮಾಡಿ ಕಳಿಸಿದ್ರೆ ಅಲ್ಲಿ ನಡೆಯುತ್ತಾ?

ಛಾಪಾಕಾಗದ
ಸಾಮಾನ್ಯ ವ್ಯಾಪಾರ ಕರಾರಾದ್ರೆ ಐಟಿ ಕಾಯ್ದೆ 10ಎ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ಅನ್ನೋ ಒಂದೇ ಕಾರಣಕ್ಕೆ ಅಸಿಂಧು ಆಗಲ್ಲ. ಆದ್ರೆ ಸಿಸಿಎ ಸರಪಳಿಯ ಸರ್ಟಿಫಿಕೇಟ್ ಇಲ್ಲದಿದ್ರೆ ಡಿಎಸ್‌ಸಿಗೆ, ಇ-ಸೈನ್‌ಗೆ ಕಾನೂನು ಕೊಡೋ ಸ್ಥಾನ ಸಿಗಲ್ಲ. ವ್ಯಾಜ್ಯ ಬಂದ್ರೆ ಸಹಿ ನಿಮ್ಮದೇ ಅಂತ ಬೇರೆ ಸಾಕ್ಷ್ಯದಿಂದ ತೋರಿಸಬೇಕು. ಮೇಲ್, ಆಡಿಟ್ ಟ್ರೇಲ್ (ಯಾರು ಯಾವಾಗ ಏನು ಮಾಡಿದ್ರು ಅನ್ನೋ ದಾಖಲೆ) ಎಲ್ಲ ಉಳಿಸಿಕೊಳ್ಳಿ.

ಕೋರ್ಟಿನ ಮಾತು ಬಂದಿದ್ದಕ್ಕೆ: 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಎಲೆಕ್ಟ್ರಾನಿಕ್ ದಾಖಲೆಯನ್ನ ಸಾಕ್ಷ್ಯವಾಗಿ ಕೊಡೋದರ ಬಗ್ಗೆ ಹಳೆ ಸಾಕ್ಷ್ಯ ಕಾಯ್ದೆಯಲ್ಲಿದ್ದ 65ಬಿ ಸೆಕ್ಷನ್ ಈಗ 63. ಅದರ ಪ್ರಮಾಣಪತ್ರದಲ್ಲಿ ಎರಡು ಭಾಗ, ಫೈಲಿನ ಹ್ಯಾಶ್ ಬರೆಯಬೇಕು. ಆದ್ದರಿಂದ ಸಹಿಯಾದ ದಿನವೇ ಹ್ಯಾಶ್ ತೆಗೆದು ರಿಜಿಸ್ಟರ್‌ನಲ್ಲಿ ಬರೆದಿಡಿ. ವಿಂಡೋಸ್‌ನ ಸರ್ಟ್‌ಯುಟಿಲ್ ಕಮಾಂಡ್‌ನಲ್ಲಿ ಹ್ಯಾಶ್‌ಫೈಲ್ ಆಯ್ಕೆ ಇದೆ, ಫೈಲ್ ಹೆಸರು ಆದಮೇಲೆ ಎಸ್‌ಎಚ್‌ಎ256 ಅಂತ ಹಾಕಿದ್ರೆ ಬರುತ್ತೆ. ಮೂಲ ಅಂದ್ರೆ ಆ ಫೈಲೇ. ಪ್ರಿಂಟ್ ಅಲ್ಲ, ವಾಟ್ಸ್‌ಆ್ಯಪ್‌ನ ಫೋಟೋ ಅಲ್ಲ. ವಾಟ್ಸ್‌ಆ್ಯಪ್‌ನಲ್ಲೇ ಕಳಿಸಬೇಕಾದ್ರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಪೀಣ್ಯದ_ಲೆಕ್ಕ
ತುಂಬಾ ಉಪಕಾರ. ಸಿಸಿಎ ಮೂಲ ಹಾಕಿದೆ, ಹಸಿರು ಬಂತು. ಎರಡು ಸಹಿಯ ಕರಾರೂ ರೀಡರ್‌ನಲ್ಲೇ ಆಯ್ತು, ಎರಡೂ ಸರಿ. ಕೊನೆಯ ಪ್ರಶ್ನೆ: ಡೈರೆಕ್ಟರ್ ಡಿಎಸ್‌ಸಿ ಮುಂದಿನ ತಿಂಗಳು ಮುಗಿಯುತ್ತೆ. ಈಗಾಗಲೇ ಹಾಕಿದ ಸಹಿಗಳ ಕಥೆ?

ಬೈಟ್‌ಬಸವ
ಸಹಿ ಹೊತ್ತಿಗೆ ಸರ್ಟಿಫಿಕೇಟ್ ಚಾಲ್ತಿಯಲ್ಲಿದ್ರೆ ಸಹಿ ಸಿಂಧು. ತೊಂದರೆ ಏನಂದ್ರೆ ಟೈಮ್‌ಸ್ಟಾಂಪ್ (ಹೊರಗಿನ ಸರ್ವರ್ ಒತ್ತೋ ಹೊತ್ತಿನ ಮುದ್ರೆ) ಇಲ್ಲದಿದ್ರೆ ಸಹಿಯಲ್ಲಿರೋದು ನಿಮ್ಮ ಕಂಪ್ಯೂಟರ್‌ನ ಗಡಿಯಾರದ ಹೊತ್ತು, ಅದನ್ನ ಯಾರು ಬೇಕಾದ್ರೂ ಹಿಂದೆ ತಿರುಗಿಸಬಹುದು. ನಿಮ್ಮ ಸಿಎಯಿಂದ ಟೈಮ್‌ಸ್ಟಾಂಪ್ ಸರ್ವರ್ ವಿಳಾಸ ಕೇಳಿ ಪಡೆದು, ಪ್ರಿಫರೆನ್ಸಸ್, ಸಿಗ್ನೇಚರ್ಸ್, ಡಾಕ್ಯುಮೆಂಟ್ ಟೈಮ್‌ಸ್ಟಾಂಪಿಂಗ್‌ನಲ್ಲಿ ಸೇರಿಸಿ ಡೀಫಾಲ್ಟ್ ಮಾಡಿ. ಅಲ್ಲೇ ಕ್ರಿಯೇಶನ್ ಅಂಡ್ ಅಪಿಯರೆನ್ಸ್‌ನಲ್ಲಿ 'ಇನ್‌ಕ್ಲೂಡ್ ಸಿಗ್ನೇಚರ್ಸ್ ರಿವೊಕೇಶನ್ ಸ್ಟೇಟಸ್' ಟಿಕ್ ಇರಲಿ, ಸಹಿ ಹಾಕೋವಾಗ ಇಂಟರ್‌ನೆಟ್ ಇರಲಿ. ಸರ್ಟಿಫಿಕೇಟ್ ಆ ಗಳಿಗೆಯಲ್ಲಿ ರದ್ದಾಗಿರಲಿಲ್ಲ ಅನ್ನೋ ಪುರಾವೆ ಫೈಲಿನೊಳಗೇ ಕೂರುತ್ತೆ. ಐದು ವರ್ಷದ ಕರಾರಿಗೆ ಇದು ಬೇಕೇ ಬೇಕು, ಯಾಕಂದ್ರೆ ಡಿಎಸ್‌ಸಿ ಆಯಸ್ಸೇ ಹೆಚ್ಚೆಂದ್ರೆ 3 ವರ್ಷ.

ಹುಬ್ಬಳ್ಳಿ_ಕಡತ
ಹೊಸಾ ಸರ್ಟಿಫಿಕೇಟ್ ಬಂದ ಮ್ಯಾಲ ಜಿಎಸ್‌ಟಿ, ಆದಾಯ ತೆರಿಗೆ, ಎಂಸಿಎ ಮೂರೂ ಕಡೆ ಮತ್ತ ನೋಂದಣಿ ಮಾಡ್ರಿ, ಅದು ತಾನ ಆಗೂದಿಲ್ಲ. ಟೆಂಡರ್‌ಗೆ ಎನ್‌ಕ್ರಿಪ್ಶನ್ ಸರ್ಟಿಫಿಕೇಟ್ ಇದ್ರ ಹಳೇ ಟೋಕನ್ ಅಳಿಸಬ್ಯಾಡ್ರಿ, ಅದರಿಂದ ಮುಚ್ಚಿದ ಫೈಲ್ ಅದರ ಕೀಯಿಂದನ ತೆಗೀಬೇಕು. ಮುಗಿಯೋ ಹದಿನೈದು ದಿನ ಮೊದಲ ಅರ್ಜಿ ಹಾಕ್ರಿ, 20ನೇ ತಾರೀಖಿಗೆ ಒದ್ದಾಡೂದು ತಪ್ಪತೈತಿ.